ರಸಮೇವಿನ ಪೆಂಡಿ ಸುತ್ತುವ ಯಂತ್ರ



ಬಳ್ಳಾರಿ, ಧಾರವಾಡ, ವಿಜಯಪುರಗಳ ಕಡೆಯ ಹಳೆಯ ಊರುಗಳಲ್ಲಿ ‘ಹಗೇವು’ ಎಂಬುದೊಂದು ಇರುತ್ತಿತ್ತು. ನೆಲದಲ್ಲಿ ತೋಡಿದ ಆಳವಾದ ಗುಂಡಿ ಅದು. ಹೊಟ್ಟೆ ಅಗಲ, ಬಾಯಿ ಕಿರಿದು. ಸುಗ್ಗಿಯಲ್ಲಿ ಬಂದ ಜೋಳವನ್ನು ಅದರಲ್ಲಿ ತುಂಬಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು, ಸಂದುಗಳನ್ನು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಹೀಗೆ ಇಟ್ಟ ಜೋಳ ಹುಳು ಹಿಡಿಯದೆ ಬಹುಕಾಲ ಉಳಿಯುತ್ತಿತ್ತು. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಉರಿಯುವ ದೀಪವೊಂದನ್ನು ಇಳಿಬಿಡುತ್ತಿದ್ದರು. ದೀಪ ಆರಿಹೋದರೆ ಕಾಯಬೇಕು, ಉರಿಯುತ್ತಿದ್ದರೆ ಇಳಿಯಬಹುದು.

ದೀಪ ಏಕೆ ಆರುತ್ತದೆ? ಕಾಳುಗಳೂ ಅವುಗಳ ನಡುವಿನ ಹುಳುಗಳೂ ಉಸಿರಾಡಿ ಗುಂಡಿಯೊಳಗಿನ ಆಮ್ಲಜನಕವನ್ನು ಮುಗಿಸಿಬಿಟ್ಟಿರುತ್ತವೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ದೀಪವನ್ನು ಆರಿಸುವ ಆ ಗಾಳಿಯೇ ಹುಳುವನ್ನೂ ಕೊಂದು ಕಾಳನ್ನು ಕಾಪಾಡುತ್ತದೆ. ಗಾಳಿಯನ್ನು ಹೊರಗಿಟ್ಟರೆ ಆಹಾರ ಉಳಿಯುತ್ತದೆ ಎಂಬ ಈ ತತ್ವವನ್ನು ನಮ್ಮ ಹಿರಿಯರು ಪ್ರಯೋಗಶಾಲೆಯಿಲ್ಲದೆ ಕಂಡುಕೊಂಡಿದ್ದರು. ಇಂದು ನಾವು ಮಾತನಾಡಲಿರುವ ಯಂತ್ರವೂ ಅದೇ ತತ್ವದ ಮೇಲೆ ನಿಂತಿದೆ. ಅದು ಟ್ರ್ಯಾಕ್ಟರಿನ ಹಿಂದೆ ಜೋಡಿಸಿಕೊಂಡು ಹೊಲಕ್ಕೇ ಹೋಗಿ, ಹಸಿಮೇವಿನ ಪೆಂಡಿಗೆ ಪ್ಲಾಸ್ಟಿಕ್ ಫಿಲ್ಮನ್ನು ಸುತ್ತುವ ಯಂತ್ರ. ಹಗೇವು ನೆಲದಲ್ಲಿ ಊರಿದ ಗುಂಡಿಯಾದರೆ, ಇದು ಸುತ್ತಿ ಕೊಡುವ ಪೆಂಡಿ ಬೇಕಾದಲ್ಲಿಗೆ ಹೊತ್ತೊಯ್ಯಬಹುದಾದ ಗುಂಡಿ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಗೆ ಇಂಥ ಯಂತ್ರದ ಅಗತ್ಯವೇನು? ಇಲ್ಲಿ ಮೇವು ಒಮ್ಮೆಗೇ ಬರುತ್ತದೆ, ಒಮ್ಮೆಗೇ ಮುಗಿಯುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಅಂದಿನಿಂದ ಕಾಲುವೆಗೆ ನೀರು ಬಂದಾಗ ಅಚ್ಚುಕಟ್ಟು ಹಸಿರಾಗುತ್ತದೆ, ನಿಂತಾಗ ಒಣಗುತ್ತದೆ. ಕಾಲುವೆ ಹತ್ತದ ಸಂಡೂರಿನ ಎತ್ತರದ ಹೊಲಗಳು ಮಳೆಯನ್ನೇ ನಂಬಿವೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಮರುವರ್ಷ ಜಲಾಶಯ ತುಂಬಿತು. ಆದರೆ 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಕೂಡಿಟ್ಟ ನೀರು ಹರಿದುಹೋಯಿತು. ನೀರಿನ ಭರವಸೆ ಹೀಗೆ ಅಲುಗಾಡುತ್ತಿರುವಾಗ ಹಸು, ಎಮ್ಮೆಗಳ ಹೊಟ್ಟೆ ಮಾತ್ರ ದಿನವೂ ತುಂಬಬೇಕು. ಹಾಲಿನ ಡೇರಿಯ ಗಾಡಿ ದಿನಕ್ಕೆರಡು ಸಲ ಬರುತ್ತದೆ. ಮೇವು ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಈ ನಡುವಿನ ಅಂತರವನ್ನು ತುಂಬುವುದೇ ಮೇವಿನ ಸಂಗ್ರಹಣೆ.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಸಂಗ್ರಹಣೆ ಬಣವೆ. ಹುಲ್ಲನ್ನು, ಜೋಳದ ಸೊಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಿ ಒಟ್ಟುವುದು. ಅಲ್ಲಿ ಮೇವನ್ನು ಕಾಪಾಡುವುದು ನೀರಿನ ಅಭಾವ. ಒಣಗಿದ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಹಸಿರು ಹೋಗುವುದರೊಡನೆ ಸತ್ವದ ಒಂದು ಭಾಗವೂ ಹೋಗುತ್ತದೆ. ಎರಡನೆಯ ದಾರಿ ರಸಮೇವು, ಅಂದರೆ ಸೈಲೇಜ್. ಇದರಲ್ಲಿ ಮೇವನ್ನು ಹಸಿಯಾಗಿಯೇ ಇಡುತ್ತೇವೆ. ನೀರಿನ ಬದಲು ಗಾಳಿಯನ್ನು ತೆಗೆಯುತ್ತೇವೆ.

ಕೊಯ್ದ ಮೆಕ್ಕೆಜೋಳದ ದಂಟು ಕೊಯ್ದ ಕ್ಷಣದಲ್ಲೇ ಸಾಯುವುದಿಲ್ಲ. ಅದರ ಜೀವಕೋಶಗಳು ಇನ್ನೂ ಸ್ವಲ್ಪ ಹೊತ್ತು ಉಸಿರಾಡುತ್ತವೆ. ಗಾಳಿ ಸಿಗುವವರೆಗೂ ಅವು ತಮ್ಮ ಸಕ್ಕರೆಯನ್ನು ಉರಿಸಿ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಹಾಕುತ್ತವೆ. ರಾಶಿ ಹಾಕಿದ ಹಸಿಹುಲ್ಲಿನೊಳಗೆ ಕೈಯಿಟ್ಟರೆ ಬಿಸಿ ತಾಗುವುದನ್ನು ನೀವು ಕಂಡಿರಬಹುದು. ಆ ಬಿಸಿ ಎಂದರೆ ದನದ ಹೊಟ್ಟೆಗೆ ಸೇರಬೇಕಾಗಿದ್ದ ಸಕ್ಕರೆ ವ್ಯರ್ಥವಾಗಿ ಉರಿಯುತ್ತಿದೆ ಎಂದು ಅರ್ಥ. ಗಾಳಿಯನ್ನು ತಡೆದರೆ ಈ ಉರಿ ನಿಲ್ಲುತ್ತದೆ. ಆಗ ಮೇವಿನ ಮೇಲೆ ಸಹಜವಾಗಿಯೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ತೊಡಗುತ್ತವೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗಕ್ಕೇ ಇವು ಸೇರಿದವು. ಒಂದು ಗ್ಲೂಕೋಸ್ ಅಣುವನ್ನು ಒಡೆದು ಎರಡು ಲ್ಯಾಕ್ಟಿಕ್ ಆಮ್ಲದ ಅಣುಗಳನ್ನು ಮಾಡುತ್ತವೆ. ಹುಳಿ ಏರುತ್ತ ಹೋಗಿ ಪಿಎಚ್ ಮೌಲ್ಯ 4ರ ಆಸುಪಾಸಿಗೆ ಇಳಿದಾಗ ಕೊಳೆಸುವ ಜೀವಿಗಳು ಬೆಳೆಯಲಾರದೆ ನಿಲ್ಲುತ್ತವೆ. ಗಾಳಿ ಒಳಬರದಿದ್ದರೆ ಈ ಹುಳಿಮೇವು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಈ ಬ್ಯಾಕ್ಟೀರಿಯಾಗಳಿಗೆ ಎದುರಾಳಿಗಳೂ ಉಂಟು. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೂ ಗಾಳಿ ಬೇಡ. ಮೇವು ಅತಿಯಾಗಿ ಹಸಿಯಿದ್ದು, ಮಣ್ಣು ಮೆತ್ತಿಕೊಂಡಿದ್ದು, ಹುಳಿ ಬೇಗ ಏರದೆ ಹೋದರೆ ಇದು ಮೇಲುಗೈ ಪಡೆದು ಬ್ಯುಟಿರಿಕ್ ಆಮ್ಲವನ್ನು ಮಾಡುತ್ತದೆ. ಆಗ ಬರುವ ದುರ್ವಾಸನೆಗೆ ದನ ಮೂತಿ ತಿರುಗಿಸುತ್ತದೆ. ಎಲ್ಲಿಯಾದರೂ ಗಾಳಿ ನುಸುಳಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ರಸಮೇವಿನ ನಿಯಮಗಳು ನಾಲ್ಕು: ಸರಿಯಾದ ತೇವ, ಸಾಕಷ್ಟು ಸಕ್ಕರೆ, ಚೊಕ್ಕಟತನ, ಗಾಳಿಯ ತಡೆ. ಯಂತ್ರ ಸಹಾಯ ಮಾಡುವುದು ಕೊನೆಯದಕ್ಕೆ ಮಾತ್ರ. ಇದನ್ನು ಮರೆತರೆ ಎಷ್ಟು ಬೆಲೆಯ ಯಂತ್ರ ತಂದರೂ ಕೊಳೆತ ಮೇವನ್ನೇ ಅಂದವಾಗಿ ಸುತ್ತಿಟ್ಟಂತಾಗುತ್ತದೆ.

ಹಸಿಮೇವನ್ನು ಗುಂಡಿಯಲ್ಲಿ ಹುಳಿಯಿಸುವ ವಿದ್ಯೆಗೆ ಆಧುನಿಕ ರೂಪ ಕೊಟ್ಟವರಲ್ಲಿ ಆಗಸ್ಟ್ ಗೊಫಾರ್ ಎಂಬ ಫ್ರೆಂಚ್ ಕೃಷಿಕ ಮುಖ್ಯನು. ಮೆಕ್ಕೆಜೋಳದ ಮೇವನ್ನು ಹೀಗೆ ಕಾಪಿಡುವ ಬಗ್ಗೆ ಆತ 1877ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಫಿನ್ಲೆಂಡಿನ ರಸಾಯನ ವಿಜ್ಞಾನಿ ಆರ್ತುರಿ ವಿರ್ತನೆನ್, ಮೇವಿಗೆ ದುರ್ಬಲಗೊಳಿಸಿದ ಆಮ್ಲವನ್ನು ಸೇರಿಸಿ ಅದರ ಪಿಎಚ್ ಮೌಲ್ಯವನ್ನು ಕೂಡಲೇ ಇಳಿಸುವ ವಿಧಾನವನ್ನು ರೂಪಿಸಿದರು. 1945ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಪ್ರಶಸ್ತಿಯ ಉಲ್ಲೇಖದಲ್ಲಿ ಮೇವು ಕಾಪಿಡುವ ವಿಧಾನದ ಹೆಸರೇ ಇದೆ. ದನದ ಮೇವು ನೊಬೆಲ್ ಪ್ರಶಸ್ತಿಗೆ ತಕ್ಕ ವಿಷಯವೇ ಎಂದು ಯಾರಾದರೂ ನಕ್ಕರೆ, ನೀವು ಈ ಹೆಸರನ್ನು ಹೇಳಬಹುದು.

ಗುಂಡಿಯ ವಿಧಾನದಲ್ಲಿ ಒಂದು ತೊಡಕಿದೆ. ಗುಂಡಿಯನ್ನು ಒಂದೆರಡು ದಿನಗಳಲ್ಲೇ ತುಂಬಿ, ತುಳಿದು, ಮುಚ್ಚಬೇಕು. ತೆರೆದ ಮೇಲೆ ದಿನವೂ ಒಂದು ಪದರವನ್ನು ತೆಗೆಯುತ್ತಲೇ ಇರಬೇಕು. ಮಾರಬೇಕೆಂದರೆ ಗುಂಡಿಯನ್ನು ಹೊತ್ತು ಸಾಗಿಸಲಾಗದು. ಈ ತೊಡಕಿಗೆ ಪರಿಹಾರವಾಗಿ ಯೂರೋಪಿನಲ್ಲಿ ಮೊದಲು ಪೆಂಡಿಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತಿದ್ದರು. 1980ರ ದಶಕದಲ್ಲಿ ಎಳೆದು ಸುತ್ತುವ ತೆಳುಫಿಲ್ಮು ಬಂದ ಮೇಲೆ ಸುತ್ತುವ ಯಂತ್ರಗಳು ಅಲ್ಲಿ ಬೇಗ ಹರಡಿದವು. ಅಲ್ಲಿಯ ರೈತನ ಕಷ್ಟ ಮಳೆ. ಹುಲ್ಲು ಒಣಗಿಸಲು ಬಿಸಿಲೇ ಸಿಗದು. ನಮ್ಮ ಕಷ್ಟ ತದ್ವಿರುದ್ಧ. ಆದ್ದರಿಂದ ಅವರ ಯಂತ್ರವನ್ನು ತರುವಾಗ ಅವರ ಅಭ್ಯಾಸಗಳನ್ನೆಲ್ಲ ಹಾಗೆಯೇ ತರುವಂತಿಲ್ಲ.

ಈಗ ಯಂತ್ರದ ಕಡೆಗೆ ಬರೋಣ. ಇಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು ಪೆಂಡಿ ಕಟ್ಟುವುದು. ಅದು ಬೇಲರ್ ಯಂತ್ರದ ಕೆಲಸ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ ದಂಡದಿಂದ ಅದಕ್ಕೆ ಶಕ್ತಿ ಸಿಗುತ್ತದೆ. ಮೇವನ್ನು ಒಳಗೆ ಸುರುಳಿ ಸುರುಳಿಯಾಗಿ ಒತ್ತಿ, ಬಲೆಯಿಂದಲೋ ಹುರಿಯಿಂದಲೋ ಬಿಗಿದು ಹೊರಹಾಕುತ್ತದೆ. ಒತ್ತಿದಷ್ಟೂ ಒಳಗೆ ಉಳಿಯುವ ಗಾಳಿ ಕಡಿಮೆ. ಎರಡನೆಯದು ಸುತ್ತುವುದು. ಸುತ್ತುವ ಯಂತ್ರವನ್ನು ಟ್ರ್ಯಾಕ್ಟರಿನ ಮೂರು ಬಿಂದುಗಳ ಜೋಡಣೆಗೆ ತಗಲಿಸುತ್ತಾರೆ. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡ ಅದನ್ನು ನಡೆಸುತ್ತದೆ. ಅದರಲ್ಲಿ ಒಂದು ತಿರುಗುವ ಮೇಜು, ಮೇಜಿನ ಮೇಲೆ ಎರಡು ಉರುಳೆಗಳು. ಪೆಂಡಿ ಉರುಳೆಗಳ ಮೇಲೆ ತನ್ನ ಅಕ್ಷದಲ್ಲಿ ನಿಧಾನವಾಗಿ ಉರುಳುತ್ತಿರುತ್ತದೆ. ಅದೇ ಹೊತ್ತಿಗೆ ಮೇಜು ಪೆಂಡಿಯನ್ನು ಹೊತ್ತು ಸುತ್ತುತ್ತದೆ. ಭೂಮಿ ತನ್ನ ಸುತ್ತಲೂ ತಿರುಗುತ್ತ ಸೂರ್ಯನನ್ನೂ ಸುತ್ತುವ ಹಾಗೆ ಎರಡು ಚಲನೆಗಳು ಒಟ್ಟಿಗೆ ನಡೆಯುತ್ತವೆ. ಪಕ್ಕದ ಕಂಬದಲ್ಲಿ ನಿಂತ ಫಿಲ್ಮಿನ ಸುರುಳಿಯಿಂದ ಹಾಳೆ ಬಿಚ್ಚಿಕೊಂಡು ಪೆಂಡಿಯನ್ನು ಎಲ್ಲ ಕಡೆಯಿಂದಲೂ ಆವರಿಸುತ್ತದೆ.

ಫಿಲ್ಮು ಪೆಂಡಿಗೆ ಹೋಗುವ ಮೊದಲು ಎರಡು ಉರುಳೆಗಳ ನಡುವೆ ಹಾಯುತ್ತದೆ. ಹಲ್ಲಿನ ಗಾಲಿಗಳ ಲೆಕ್ಕಾಚಾರದಿಂದ ಮುಂದಿನ ಉರುಳೆ ಹಿಂದಿನದಕ್ಕಿಂತ ವೇಗವಾಗಿ ತಿರುಗುತ್ತದೆ. ಹೀಗಾಗಿ ಒಂದು ಮೀಟರ್ ಫಿಲ್ಮು ಸುಮಾರು ಒಂದೂವರೆ ಮೀಟರಿಗೂ ಮಿಗಿಲಾಗಿ ಹಿಗ್ಗುತ್ತದೆ. ಹಿಗ್ಗಿದ ಫಿಲ್ಮು ಮತ್ತೆ ಕುಗ್ಗಲು ಹವಣಿಸುವುದರಿಂದ ಪೆಂಡಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅದರ ಅಂಟುಗುಣದಿಂದ ಪದರಕ್ಕೆ ಪದರ ಕಚ್ಚಿಕೊಳ್ಳುತ್ತದೆ.

ಎಷ್ಟು ಸುತ್ತು ಹಾಕಬೇಕು? ಇದು ನಿಮ್ಮ ಗಣಿತದ ತರಗತಿಗೆ ಒಳ್ಳೆಯ ಲೆಕ್ಕ. ಪೆಂಡಿಯ ವ್ಯಾಸ 1.2 ಮೀಟರ್ ಎಂದಾದರೆ ಸುತ್ತಳತೆ 3.77 ಮೀಟರ್. 75 ಸೆಂಟಿಮೀಟರ್ ಅಗಲದ ಫಿಲ್ಮು ಹಿಗ್ಗಿದಾಗ ಅಗಲದಲ್ಲಿ ಸುಮಾರು 60 ಸೆಂಟಿಮೀಟರಿಗೆ ಕಿರಿದಾಗುತ್ತದೆ ಎಂದಿಟ್ಟುಕೊಳ್ಳೋಣ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಭಾಗವನ್ನು ಮುಚ್ಚಬೇಕಾದರೆ ಮೇಜು ಒಂದು ಸುತ್ತು ಬರುವಷ್ಟರಲ್ಲಿ ಪೆಂಡಿ 30 ಸೆಂಟಿಮೀಟರ್ ಉರುಳಬೇಕು. ಒಂದೇ ಸುತ್ತಿನಲ್ಲಿ ಫಿಲ್ಮು ಪೆಂಡಿಯ ಎರಡೂ ಎದುರು ಮಗ್ಗುಲುಗಳ ಮೇಲೆ ಹಾಯುವುದರಿಂದ, ಪೆಂಡಿ ಅರ್ಧ ಉರುಳಿದರೆ ಸಾಕು, ಇಡೀ ಮೈ ಮುಚ್ಚಿರುತ್ತದೆ. ಅರ್ಧ ಸುತ್ತಳತೆ 1.88 ಮೀಟರ್, 0.30ರಿಂದ ಭಾಗಿಸಿದರೆ 6.3, ಅಂದರೆ 7 ಸುತ್ತು. ಸಂದು ಉಳಿಯದಿರಲೆಂದು ಇದಕ್ಕೆ ಒಂದು ಸುತ್ತನ್ನು ಸೇರಿಸುವುದು ವಾಡಿಕೆ, ಒಟ್ಟು 8. ಇದರಿಂದ ಎರಡು ಪದರವಾಗುತ್ತದೆ. ನಾಲ್ಕು ಪದರಕ್ಕೆ 16, ಆರು ಪದರಕ್ಕೆ 24 ಸುತ್ತು. ನಾಲ್ಕಕ್ಕಿಂತ ಕಡಿಮೆ ಪದರ ಹಾಕುವುದು ಸಲ್ಲದು. ಬಿಸಿಲು ಹೆಚ್ಚಿರುವ, ಬಹುಕಾಲ ಇಡಬೇಕಾದ ನಮ್ಮ ಕಡೆಗೆ ಆರು ಪದರವೇ ಲೇಸು.

ಈ ಲೆಕ್ಕದಲ್ಲಿ ಜಿಪುಣತನ ಏಕೆ ಕೂಡದು ಎಂಬುದಕ್ಕೆ ಇನ್ನೊಂದು ಲೆಕ್ಕ ಕೇಳಿ. ಸುತ್ತುವ ಫಿಲ್ಮಿನ ದಪ್ಪ ಸಾಮಾನ್ಯವಾಗಿ 25 ಮೈಕ್ರಾನ್; ನಿಮ್ಮ ತಲೆಗೂದಲಿಗಿಂತಲೂ ತೆಳು. 1.2 ಮೀಟರ್ ವ್ಯಾಸ, ಅಷ್ಟೇ ಉದ್ದವಿರುವ ಪೆಂಡಿಯಲ್ಲಿ ಎಲ್ಲ ಕಡೆಯಿಂದಲೂ 15 ಸೆಂಟಿಮೀಟರ್ ಒಳಗೆ ಸರಿದರೆ ಉಳಿಯುವುದು 0.9 ಮೀಟರಿನ ಪೆಂಡಿ. 0.9 ಭಾಗಿಸು 1.2, ಅದರ ಘನ ಸುಮಾರು 0.42. ಅಂದರೆ ನೂರರಲ್ಲಿ 58 ಪಾಲು ಮೇವು ಫಿಲ್ಮಿನಿಂದ ಒಂದು ಗೇಣಿನೊಳಗೇ ಇದೆ! ಗುಂಡಿಯಲ್ಲಾದರೆ ಮೇಲಿನ ಪದರ ಕೆಟ್ಟರೂ ಒಳಗಿನದು ಉಳಿಯುತ್ತದೆ. ಪೆಂಡಿಯಲ್ಲಿ ಹೊರಪದರವೇ ಅರ್ಧಕ್ಕಿಂತ ಹೆಚ್ಚಿನ ಆಸ್ತಿ. ಒಂದು ಮುಳ್ಳು, ಒಂದು ಕಾಗೆಯ ಕೊಕ್ಕು, ಒಂದು ಇಲಿಯ ಹಲ್ಲು ಸಾಕು.

ಟ್ರ್ಯಾಕ್ಟರಿನ ಸಮತೋಲದ ವಿಷಯವನ್ನೂ ನೋಡಬೇಕು. ಟ್ರ್ಯಾಕ್ಟರಿನ ಹಿಂದಿನ ಅಚ್ಚನ್ನು ತಕ್ಕಡಿಯ ಮುಳ್ಳೆಂದು ತಿಳಿಯಿರಿ. ಅಚ್ಚಿನಿಂದ 1.75 ಮೀಟರ್ ಹಿಂದೆ 600 ಕಿಲೋ ಪೆಂಡಿ ಇದ್ದು, ಮುಂದಿನ ಚಕ್ರಗಳು ಅಚ್ಚಿನಿಂದ 2 ಮೀಟರ್ ಮುಂದೆ ಇದ್ದರೆ, ಮುಂದಿನ ಚಕ್ರಗಳ ಮೇಲಿನ ಭಾರ 600 ಗುಣಿಸು 1.75 ಭಾಗಿಸು 2, ಅಂದರೆ 525 ಕಿಲೋದಷ್ಟು ಇಳಿಯುತ್ತದೆ. ಯಂತ್ರದ ಸ್ವಂತ ತೂಕ ಬೇರೆ. ಮುಂದಿನ ಚಕ್ರ ಹಗುರಾದರೆ ಟ್ರ್ಯಾಕ್ಟರ್ ಹೇಳಿದ ಕಡೆ ತಿರುಗುವುದಿಲ್ಲ. ಏರಿನಲ್ಲಿ ಮೂತಿ ಎತ್ತುತ್ತದೆ. ಅದಕ್ಕಾಗಿ ಮುಂದುಗಡೆ ಭಾರದ ತಟ್ಟೆಗಳನ್ನು ತಗಲಿಸಬೇಕು, ಇಲ್ಲವೇ ಸ್ವಂತ ಚಕ್ರಗಳಿರುವ ಎಳೆಯುವ ಮಾದರಿಯ ಯಂತ್ರವನ್ನು ಆರಿಸಬೇಕು.

ಇನ್ನು ನಮ್ಮ ನಾಲ್ಕು ಊರುಗಳ ಮೇವನ್ನು ಒಂದೊಂದಾಗಿ ಈ ಯಂತ್ರದ ಮುಂದೆ ಇಟ್ಟು ನೋಡೋಣ. ಕಂಪ್ಲಿಯಿಂದ ಹೊರಟು ಹಂಪಿ, ಹೊಸಪೇಟೆಗಳ ಮೇಲೆ ಸಂಡೂರಿಗೆ ಹೋಗೋಣ.

ಕಂಪ್ಲಿಯದು ಭತ್ತದ ಸೀಮೆ. ಕಟಾವು ಯಂತ್ರ ಹಾಯ್ದುಹೋದ ಮೇಲೆ ಹುಲ್ಲು ಗದ್ದೆಯ ತುಂಬ ಚೆಲ್ಲಿರುತ್ತದೆ. ಅದನ್ನು ಕೂಡಿಸಲು ಆಳು ಸಿಗದೆ ಸುಟ್ಟುಬಿಡುವುದೂ ಉಂಟು. ಈಗ ಟ್ರ್ಯಾಕ್ಟರಿಗೆ ಬೇಲರ್ ಜೋಡಿಸಿ ಆ ಹುಲ್ಲನ್ನು ಪೆಂಡಿ ಕಟ್ಟುತ್ತಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಆ ಪೆಂಡಿಗೆ ಫಿಲ್ಮು ಸುತ್ತಿದರೆ ರಸಮೇವಾಗುವುದೇ? ಆಗದು. ರಸಮೇವಿಗೆ ಮೇವಿನ ತೂಕದಲ್ಲಿ ನೂರಕ್ಕೆ 60ರಿಂದ 70ರಷ್ಟು ನೀರಿರಬೇಕು. ಬಿಸಿಲಿಗೆ ಒಣಗಿದ ಹುಲ್ಲಿನಲ್ಲಿ ನೀರೂ ಇಲ್ಲ, ಸಕ್ಕರೆಯೂ ಇಲ್ಲ. ಬ್ಯಾಕ್ಟೀರಿಯಾ ಏನನ್ನು ತಿಂದು ಹುಳಿ ಮಾಡಬೇಕು? ಒಣಹುಲ್ಲಿಗೆ ಬೇರೆ ಉಪಾಯವಿದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಸಮನಾಗಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಅದು ಮೆದುವಾಗಿ ಜೀರ್ಣಕ್ಕೆ ಅನುಕೂಲವಾಗುತ್ತದೆ. ಅಳತೆ ತಪ್ಪಿದರೆ ಯೂರಿಯಾ ದನಕ್ಕೆ ವಿಷವಾದ್ದರಿಂದ ಇದನ್ನು ಪಶುವೈದ್ಯರನ್ನು ಕೇಳಿಯೇ ಮಾಡಬೇಕು. ದಕ್ಷಿಣ ಕೊರಿಯಾದಲ್ಲಿ ಭತ್ತ ಕೊಯ್ದ ಕೂಡಲೇ, ಹುಲ್ಲು ಇನ್ನೂ ಹಸಿಯಾಗಿರುವಾಗಲೇ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ಸೇರಿಸಿ ಪೆಂಡಿ ಸುತ್ತುತ್ತಾರೆ. ಕೊಯ್ಲಿನ ಕಾಲದಲ್ಲಿ ಅಲ್ಲಿಯ ಗದ್ದೆಗಳಲ್ಲಿ ಬಿಳಿಯ ಪೆಂಡಿಗಳು ಸಾಲಾಗಿ ಕುಳಿತಿರುತ್ತವೆ. ಕಂಪ್ಲಿಯಲ್ಲಿ ಹಾಗೆ ಮಾಡಬೇಕಾದರೆ ಕಟಾವು ಯಂತ್ರದ ಬೆನ್ನಿಗೇ ಬೇಲರ್ ಬರಬೇಕು. ಎರಡು ದಿನ ತಡವಾದರೆ ಬಿಸಿಲು ಗೆದ್ದಿರುತ್ತದೆ.

ಹಂಪಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರಿನಲ್ಲಿ ಬಾಳೆ ಬೆಳೆಯುತ್ತದೆ. ಗೊನೆ ಕಡಿದ ಮೇಲೆ ಬಾಳೆದಿಂಡು ರಾಶಿರಾಶಿಯಾಗಿ ಉಳಿಯುತ್ತದೆ. ಇಲ್ಲಿಯ ತೊಡಕು ಕಂಪ್ಲಿಯದಕ್ಕೆ ತಿರುವುಮುರುವು. ಬಾಳೆದಿಂಡಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಅದನ್ನೊಂದನ್ನೇ ಸುತ್ತಿದರೆ ರಸ ಸೋರಿ ಕೊಳೆಯುತ್ತದೆ. ಹಾಗಾದರೆ ಹಂಪಿಯ ಬಾಳೆದಿಂಡನ್ನೂ ಕಂಪ್ಲಿಯ ಹುಲ್ಲನ್ನೂ ಕತ್ತರಿಸಿ ಬೆರೆಸಿದರೆ? ಎರಡು ಪಾಲು ದಿಂಡು, ಒಂದು ಪಾಲು ಹುಲ್ಲು ಬೆರೆಸಿದರೆ ತೇವ ಸುಮಾರು 65ಕ್ಕೆ ಬರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ನೀರಿನ ಲೆಕ್ಕ ಸರಿಹೋದರೂ ಸಕ್ಕರೆಯ ಲೆಕ್ಕ ಉಳಿಯುತ್ತದೆ. ಅದಕ್ಕೆ ಕಾಕಂಬಿಯನ್ನೋ ಕಳಪೆ ಬೆಲ್ಲವನ್ನೋ ಸೇರಿಸಬೇಕಾಗುತ್ತದೆ.

ಹೊಸಪೇಟೆಯ ಕಬ್ಬಿನ ಗದ್ದೆಗಳಲ್ಲಿ ಕಬ್ಬು ಕಡಿಯುವಾಗ ಹಸಿರು ಸೋಗೆ ಸಿಗುತ್ತದೆ. ಇದರಲ್ಲಿ ತೇವವೂ ಉಂಟು, ತಕ್ಕಮಟ್ಟಿಗೆ ಸಕ್ಕರೆಯೂ ಉಂಟು. ಕೆಲವೇ ವಾರಗಳಲ್ಲಿ ರಾಶಿಯಾಗಿ ಬರುವ ಈ ಮೇವನ್ನು ಕತ್ತರಿಸಿ ರಸಮೇವು ಮಾಡಬಹುದು. ಆದರೆ ಪ್ರೋಟೀನು ಕಡಿಮೆ. ಹಿಂಡಿಯನ್ನೋ ದ್ವಿದಳ ಮೇವನ್ನೋ ಜೊತೆಗೆ ಕೊಡಲೇಬೇಕು. ಸೋಗೆಯ ಗಡುಸು ತುದಿಗಳು ಫಿಲ್ಮನ್ನು ಚುಚ್ಚಿ ತೂತು ಮಾಡುವುದರಿಂದ, ಮೊದಲು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸದೆ ಸುತ್ತಬಾರದು.

ಸಂಡೂರಿನ ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳ ಈ ಯಂತ್ರಕ್ಕೆ ಹೇಳಿಮಾಡಿಸಿದ ಮೇವು. ಕಾಳು ಹಾಲುಗಟ್ಟಿ ಹಿಟ್ಟಾಗುವ ಹದದಲ್ಲಿ ಕೊಯ್ದರೆ ನೀರೂ ಸಕ್ಕರೆಯೂ ಸರಿಯಾದ ಪ್ರಮಾಣದಲ್ಲಿರುತ್ತವೆ. ‘ಆಫ್ರಿಕನ್ ಟಾಲ್’ ಎಂಬ ಮೇವಿನ ತಳಿಯನ್ನು ಇದಕ್ಕಾಗಿಯೇ ಬೆಳೆಯುವುದೂ ಉಂಟು. ಅಲ್ಲಿಯ ರಸ್ತೆಬದಿಯ ಹೊಲಗಳಲ್ಲಿ ಕೆಂಧೂಳು ಮೆತ್ತಿದ ದಂಟನ್ನು ಮಾತ್ರ ಬೇರೆ ಇಡಬೇಕು. ಮಣ್ಣು ಹೊಕ್ಕರೆ ಕ್ಲಾಸ್ಟ್ರಿಡಿಯಂ ಹೊಕ್ಕಿತೆಂದೇ ಅರ್ಥ.

ಈ ಯಂತ್ರದ ನಿಜವಾದ ಬೆಲೆ ತಿಳಿಯುವುದೂ ಸಂಡೂರಿನಂಥ ಕಡೆಯಲ್ಲೇ. ಬಿತ್ತನೆಯ ನಂತರ ಮಳೆ ನಿಂತುಹೋಗುತ್ತದೆ. ಮೆಕ್ಕೆಜೋಳ ಎದೆಮಟ್ಟ ಬೆಳೆದಿದೆ, ತೆನೆ ಕಟ್ಟುವ ಸೂಚನೆಯಿಲ್ಲ. ರೈತ ಆಕಾಶವನ್ನು ನೋಡುತ್ತ ಕಾಯುತ್ತಾನೆ. ಹತ್ತು ದಿನ ಕಳೆಯುವಷ್ಟರಲ್ಲಿ ಬೆಳೆ ನಿಂತಲ್ಲೇ ಒಣಗಿ, ಕಾಳೂ ಇಲ್ಲ, ಮೇವಿನ ಸತ್ವವೂ ಇಲ್ಲ ಎಂಬಂತಾಗುತ್ತದೆ. ಆ ಹತ್ತು ದಿನಗಳೊಳಗೆ ಹಸಿರಾಗಿದ್ದಾಗಲೇ ಕೊಯ್ದು, ಕತ್ತರಿಸಿ, ಸುತ್ತಿಬಿಟ್ಟರೆ ಕಾಳು ಹೋದರೂ ದನಗಳಿಗೆ ಬೇಸಿಗೆಯ ಮೇವು ಕೈಗೆ ಬಂತು. ಇಲ್ಲೂ ಒಂದು ಎಚ್ಚರಿಕೆ ಬೇಕು. ನೀರಿಲ್ಲದೆ ಬಳಲಿದ ಗಿಡದ ಬುಡದಲ್ಲಿ ನೈಟ್ರೇಟ್ ಕೂಡಿಕೊಂಡಿರುತ್ತದೆ. ಎಳೆಯ, ಬಾಡಿದ ಜೋಳದಲ್ಲಿ ಹೈಡ್ರೋಸಯಾನಿಕ್ ಆಮ್ಲದ ವಿಷವಿರಬಹುದು. ಆದ್ದರಿಂದ ಬುಡವನ್ನು ಒಂದು ಗೇಣು ಬಿಟ್ಟು ಕೊಯ್ಯುವುದು, ತಿನ್ನಿಸುವ ಮೊದಲು ಪಶುವೈದ್ಯರನ್ನು ಕೇಳುವುದು ಕ್ಷೇಮ. ಅಂದಮೇಲೆ ಯಂತ್ರವನ್ನು ಯಾರು ಕೊಂಡರು ಎಂಬುದಕ್ಕಿಂತ, ಬೇಕಾದ ವಾರದಲ್ಲಿ ಅದು ಊರಿಗೆ ಬರುತ್ತದೆಯೇ ಎಂಬುದು ದೊಡ್ಡ ಪ್ರಶ್ನೆ.

ಸಣ್ಣ ರೈತನೊಬ್ಬ ಇದನ್ನು ತಾನೇ ಕೊಳ್ಳುವುದು ಆಗದ ಮಾತು. ಕೊಳ್ಳಬೇಕಾದ ಅಗತ್ಯವೂ ಇಲ್ಲ. ಕರ್ನಾಟಕದಲ್ಲಿ 2014ರ ಸುಮಾರಿಗೆ ಆರಂಭವಾದ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡುವ ದಾರಿಯನ್ನು ತೋರಿಸಿವೆ. 2021ರಲ್ಲಿ ಪರಿಷ್ಕೃತವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ರಸಮೇವಿನ ಘಟಕಗಳಿಗೆ ಬಂಡವಾಳದ ಅರ್ಧದಷ್ಟು, 50 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಹಾಯಧನಕ್ಕೆ ಅವಕಾಶ ಮಾಡಲಾಯಿತು. ಹಾಲು ಉತ್ಪಾದಕರ ಸಹಕಾರ ಸಂಘಗಳು, ಸ್ತ್ರೀಶಕ್ತಿ ಸಂಘಗಳು ಒಟ್ಟಾಗಿ ಇಂಥ ಯಂತ್ರವನ್ನು ನಡೆಸಬಹುದು. ತಾಂತ್ರಿಕ ಸಲಹೆಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಮೇವಿನ ಸಂಶೋಧನೆಗೆಂದೇ ಇರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ.

ಪೆಂಡಿಯ ಗಾತ್ರವನ್ನು ಆರಿಸುವಾಗಲೂ ಲೆಕ್ಕ ಬೇಕು. 1.2 ಮೀಟರಿನ ದೊಡ್ಡ ಪೆಂಡಿ ಸುಮಾರು 680 ಕಿಲೋ ತೂಗಿದರೆ, ಅದರ ಅರ್ಧ ಅಳತೆಯ 0.6 ಮೀಟರಿನ ಸಣ್ಣ ಪೆಂಡಿ ಎಂಟನೆಯ ಒಂದು ಪಾಲು, ಸುಮಾರು 85 ಕಿಲೋ ತೂಗುತ್ತದೆ. ಒಂದು ಹಸು ದಿನಕ್ಕೆ 20 ಕಿಲೋ ರಸಮೇವು ತಿಂದರೆ, ಎರಡು ಹಸುಗಳಿರುವ ಮನೆಯಲ್ಲಿ ಸಣ್ಣ ಪೆಂಡಿ ಎರಡು ದಿನಕ್ಕೆ ಮುಗಿಯುತ್ತದೆ. ದೊಡ್ಡದು 17 ದಿನ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಬಿಚ್ಚಿದ ಕೂಡಲೇ ಗಾಳಿ ಒಳನುಗ್ಗುತ್ತದೆ. ನಮ್ಮ ಬಿಸಿಲಿಗೆ ಕೆಲವೇ ದಿನಗಳಲ್ಲಿ ಮೇವು ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಹತ್ತಾರು ದನಗಳ ಕೊಟ್ಟಿಗೆಗೆ ದೊಡ್ಡ ಪೆಂಡಿ, ಎರಡು ಮೂರು ದನಗಳ ಮನೆಗೆ ಸಣ್ಣ ಪೆಂಡಿ. ಸಣ್ಣದರಲ್ಲಿ ಖರ್ಚು ಇಲ್ಲದಿಲ್ಲ. ವ್ಯಾಸ ಅರ್ಧವಾದರೆ ಅಷ್ಟೇ ಮೇವಿಗೆ ಹೊರಮೈ ಇಮ್ಮಡಿಯಾಗುತ್ತದೆ. ಫಿಲ್ಮೂ ಇಮ್ಮಡಿ ಬೇಕು. ಇನ್ನೂ ಬಡವರಿಗೆ ಯಂತ್ರವೇ ಇಲ್ಲದ ದಾರಿಯುಂಟು: ಕತ್ತರಿಸಿದ ಮೇವನ್ನು ಮಂದವಾದ ಪಾಲಿಥೀನ್ ಚೀಲದಲ್ಲಿ ತುಳಿದು ತುಂಬಿ, ಗಾಳಿ ಹಿಂಡಿ, ಬಾಯಿ ಬಿಗಿಯುವುದು. ತತ್ವ ಅದೇ.

ಸುತ್ತಿಟ್ಟ ಪೆಂಡಿಗೆ ಕಾವಲು ಬೇಕು. ಯೂರೋಪಿನ ಪುಸ್ತಕಗಳಲ್ಲಿ ಹೇಳದ ಒಬ್ಬ ಶತ್ರು ನಮ್ಮಲ್ಲಿದ್ದಾನೆ. ಹಂಪಿ, ಆನೆಗೊಂದಿಗಳ ಸುತ್ತಲಿನದು ಕಿಷ್ಕಿಂಧೆಯ ನಾಡೆಂದು ಪ್ರತೀತಿ. ಅಲ್ಲಿಯ ಕೋತಿಗಳಿಗೆ ಹೊಳೆಯುವ ಬಿಳಿಯ ಪೆಂಡಿಯಲ್ಲಿ ಏನಿದೆಯೆಂದು ನೋಡುವ ಕುತೂಹಲ ಸಹಜ. ಮೇಲೆ ಬಲೆ ಹೊದಿಸುವುದು, ನೆಲವನ್ನು ಮುಳ್ಳು ಕಲ್ಲುಗಳಿಲ್ಲದಂತೆ ಹಸನು ಮಾಡುವುದು, ಇಲಿಬಿಲಗಳನ್ನು ಮುಚ್ಚುವುದು, ತೂತು ಕಂಡ ಕೂಡಲೇ ಅಂಟುಪಟ್ಟಿ ಹಚ್ಚುವುದು ಅಗತ್ಯ. ಬಿಸಿಲನ್ನು ಹಿಂದೆಸೆಯುವ ಬಿಳಿ ಫಿಲ್ಮು ಕಪ್ಪಿಗಿಂತ ಮೇಲು. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವ ಅಂಶ ಸೇರಿಸಿರದ ಮಾಮೂಲಿ ಪ್ಲಾಸ್ಟಿಕ್ ನಮ್ಮ ಬೇಸಿಗೆಯಲ್ಲಿ ಬೇಗ ಪುಡಿಯಾಗುತ್ತದೆ.

ಬಿಚ್ಚಿದ ಫಿಲ್ಮಿನ ಗತಿಯೇನು? ಒಂದು ದೊಡ್ಡ ಪೆಂಡಿಗೆ ಸುಮಾರು ಒಂದು ಕಿಲೋ ಫಿಲ್ಮು ಹಿಡಿಯುತ್ತದೆ. ಮೇವಿನ ವಾಸನೆ ಹತ್ತಿದ ಫಿಲ್ಮಿನ ತುಂಡನ್ನು ದನ ನುಂಗಿದರೆ ಅದು ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಹಸುವಿಗೆ ಮೇವು ಕೊಡಲು ಹೋಗಿ ಅದರ ಹೊಟ್ಟೆಗೆ ಪ್ಲಾಸ್ಟಿಕ್ ತುಂಬಿದಂತೆ ಆಗಬಾರದಷ್ಟೆ. ತುಂಗಭದ್ರೆಗೆ, 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಬಯಲಿಗೆ ಅದು ಹಾರಿಬೀಳಬಾರದು. ಯಂತ್ರವನ್ನು ಬಾಡಿಗೆಗೆ ಕೊಡುವವರೇ ಮುಂದಿನ ಸಲ ಬರುವಾಗ ಹಳೆಯ ಫಿಲ್ಮನ್ನು ಮಡಚಿ, ಕೂಡಿಸಿ, ಮರುಬಳಕೆಗೆ ಒಯ್ಯುವ ಕಟ್ಟುಪಾಡನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು. ಬೆಂಕಿ ಹಚ್ಚುವುದು ಉತ್ತರವಲ್ಲ.

ವಿದ್ಯಾರ್ಥಿಗಳೇ, ಸುತ್ತುವ ಕೆಲಸ ಕೆಲವೇ ನಿಮಿಷಗಳದು. ನಮ್ಮ ಕ್ಯಾಮೆರಾ ಅದನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ನಿಜವಾದ ಕೆಲಸ ಆಮೇಲೆ 45 ದಿನ ಒಳಗೆ ನಡೆಯುತ್ತದೆ. ಅದು ಯಾವ ಕ್ಯಾಮೆರಾಕ್ಕೂ ಕಾಣದು. ಅದನ್ನು ಕಾಣಲು ನೀವೇ ಒಂದು ಪ್ರಯೋಗ ಮಾಡಿ. ಮೆಕ್ಕೆಜೋಳದ ಹಸಿದಂಟನ್ನು ಸಣ್ಣಗೆ ಕತ್ತರಿಸಿ ಒಂದು ಹಿಡಿಯನ್ನು ಬಿಗಿಯಾಗಿ ಹಿಂಡಿರಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು. ಕೈಬಿಟ್ಟ ಕೂಡಲೇ ಉದುರಿದರೆ ಒಣಗಿದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ ಹದ ಸರಿಯಾಗಿದೆ. ಹದವಾದ ಮೇವನ್ನು ಎರಡು ಮಂದ ಪಾಲಿಥೀನ್ ಚೀಲಗಳಲ್ಲಿ ಒತ್ತಿ ತುಂಬಿ ಬಾಯಿ ಬಿಗಿಯಿರಿ. ಒಂದಕ್ಕೆ ಸೂಜಿಯಿಂದ ನಾಲ್ಕಾರು ತೂತು ಮಾಡಿ. ಎರಡನ್ನೂ ನೆರಳಿನಲ್ಲಿಟ್ಟು, 45 ದಿನಗಳ ನಂತರ ಅಧ್ಯಾಪಕರ ಎದುರಿನಲ್ಲಿ ಬಿಚ್ಚಿರಿ. ತೂತಿಲ್ಲದ ಚೀಲದಲ್ಲಿ ಹಳದಿ ಬೆರೆತ ಹಸಿರು ಬಣ್ಣ, ಹಿತವಾದ ಹುಳಿವಾಸನೆ ಇರಬೇಕು. ಪಿಎಚ್ ಕಾಗದ 4ರ ಹತ್ತಿರ ತೋರಿಸಬೇಕು. ಇನ್ನೊಂದರಲ್ಲಿ ಏನಾಗಿದೆ ಎಂಬುದನ್ನು ದೂರದಿಂದಲೇ ನೋಡಿ, ಬೂಷ್ಟನ್ನು ಮೂಸದೆ, ಕೈತೊಳೆದುಕೊಂಡು, ಟಿಪ್ಪಣಿ ಬರೆಯಿರಿ.

ಆ ಎರಡು ಚೀಲಗಳ ನಡುವಿನ ವ್ಯತ್ಯಾಸ ಒಂದು ಸೂಜಿಯ ಮೊನೆಯಷ್ಟು. ನಿಮ್ಮ ಊರಿಗೆ ಈ ಯಂತ್ರ ಬಂದಾಗ, ಅದು ಎಷ್ಟು ವೇಗವಾಗಿ ಸುತ್ತುತ್ತದೆ ಎಂದು ಕೇಳುವ ಮೊದಲು, ಯಾವ ಮೇವು, ಯಾವ ಹದ, ಎಷ್ಟು ಪದರ, ಎಷ್ಟು ದನ ಎಂದು ಕೇಳಿರಿ. ಮನೆಯಲ್ಲಿ ದನಕರು ಇರುವವರು ಈ ನಾಲ್ಕು ಪ್ರಶ್ನೆಗಳನ್ನು ಇಂದು ಸಂಜೆಯೇ ಅಪ್ಪ ಅವ್ವನ ಮುಂದಿಡಬಹುದು.